ಬಸ್ಸು ಹತ್ತಿದ ಎರಡು ಟೈರುಗಳು

ನನ್ನಲ್ಲೊಂದು ದೌರ್ಬಲ್ಯವಿದೆ. ಕೈಗೆ ಸಿಗುವ ವಸ್ತುವಿಗಾದರೆ ಕೇಳಿದಷ್ಟು ಕೊಟ್ಟುಬಿಡುತ್ತೇನೆ. ಅದೇ ವಸ್ತುವನ್ನು ಕೂರಿಸಲು, ನೇತುಹಾಕಲು, ಬಿಗಿಯಲು ಯಾರಾದರೂ ದುಡ್ಡು ಕೇಳಿದರೆ ನನ್ನೊಳಗೊಬ್ಬ ವಕೀಲ ಕೋಟು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾನೆ. ಒಮ್ಮೆ ಫ್ಯಾನು ಕೊಂಡಾಗ ಚೌಕಾಸಿಯನ್ನೇ ಮಾಡಲಿಲ್ಲ. ಅದನ್ನು ತೂಗುಹಾಕಲು ಬಂದವನ ಕೂಲಿ ಕೇಳಿ ಸಿಟ್ಟಾಗಿ, ಇಡೀ ಬೇಸಿಗೆ ಫ್ಯಾನನ್ನು ಡಬ್ಬದಲ್ಲೇ ಇಟ್ಟುಕೊಂಡು, ಡಬ್ಬದ ಮೇಲಿನ ಫ್ಯಾನಿನ ಚಿತ್ರ ನೋಡುತ್ತ ಬೆವರಿದೆ. ಹೊಸದುರ್ಗದ ಹೈಸ್ಕೂಲೊಂದರಲ್ಲಿ ವಿಜ್ಞಾನ ಮೇಷ್ಟ್ರಾಗಿರುವ ನನಗೆ ಇದು ಶೋಭೆಯಲ್ಲ ಎಂದು ಹೆಂಡತಿ ಗಿರಿಜಾ ಹೇಳುತ್ತಲೇ ಇರುತ್ತಾಳೆ. ವಕೀಲ ಕೇಳಬೇಕಲ್ಲ.

ನನ್ನ ಬೈಕಿನ ಟೈರುಗಳು ಸವೆದು ಬೋಳಾಗಿದ್ದವು. ಬೋಳು ಎಂದರೆ ಹಿಂದಿನ ಟೈರಿನಲ್ಲಿ ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದಿತ್ತು. ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುವಾಗ, ಟೈರಿನ ಮೇಲೆ ಗೀರುಗಳು ಏಕಿರಬೇಕು ಎಂದು ಮಕ್ಕಳಿಗೆ ವಿವರವಾಗಿ ಹೇಳಿ, ಗೀರೇ ಇಲ್ಲದ ಟೈರಿನ ಮೇಲೆ ಮನೆಗೆ ಹೋಗುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಮಾಡದಕೆರೆ ರಸ್ತೆಯ ತಿರುವಿನಲ್ಲಿ ಬೈಕು ಜಾರಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಗಿರಿಜಾ ಹೊಸ ಸೀರೆಯಲ್ಲಿ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು, ನಡುರಸ್ತೆಯ ಕೆಸರಿನಲ್ಲಿ ಕುಳಿತವಳು ಕುಳಿತಲ್ಲೇ ಶಪಥ ಮಾಡಿದಳು: "ಟೈರು ಬದಲಾಯ್ಸೋ ತಂಕ ಈ ಗಾಡಿ ಹತ್ತಿದ್ರೆ ಕೇಳ್ರಿ."

ಅಂಥವಳು ಈಗ ಹತ್ತಲೇಬೇಕಾಗಿತ್ತು. ಮಾಡದಕೆರೆಯಲ್ಲಿರುವ ಅವಳ ತಮ್ಮನ ಮಗುವಿಗೆ ಭಾನುವಾರ ತೊಟ್ಟಿಲು ಶಾಸ್ತ್ರ. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಇವಳೇ. ಮುಹೂರ್ತ ಬೆಳಗ್ಗೆ ಏಳೂವರೆಗೆ. ಅಷ್ಟು ಹೊತ್ತಿಗೆ ಮುಟ್ಟಿಸುವ ಬಸ್ಸಿಲ್ಲ.

"ನಾನು ಹೋಗದಿದ್ರೆ ಕೂಸಿಗೆ ನಿಮ್ಮ ಹೆಸರೇ ಇಡ್ತಾರೆ," ಎಂದಳು. "ದಿನಾ ಬೈಯಾಕೆ ಅನುಕೂಲ ಆಗ್ಲಿ ಅಂತ."

ಆ ವಾರವೇ ಫೋನಿನಲ್ಲಿ ರಿಯಾಯಿತಿ ನೋಡಿ ಎರಡು ಟೈರು ತರಿಸಿದೆ. ಅವನ್ನು ಬೈಕಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ತಿಪ್ಪೇಸ್ವಾಮಿಯ ಟೈರ್ ಅಂಗಡಿಗೆ ಹೋದೆ. ಹೇಳದೆ ಕೇಳದೆ ಮಗ ಮದುವೆಯಾಗಿ ಕರೆತಂದ ಸೊಸೆಯನ್ನು ನೋಡುವಂತೆ ಅವನು ನನ್ನ ಟೈರುಗಳನ್ನು ನೋಡಿದ.

"ನಮ್ಮತ್ರ ತಗಂಡಿದ್ರೆ ಫಿಟ್ಟಿಂಗು ಫ್ರೀ ಸಾ. ಹೊರಗಿಂದ ತಂದೀರಿ. ನಾನೂರಾಗ್ತೈತೆ."

ವಕೀಲ ಎದ್ದುನಿಂತ. "ನಾನೂರು ಯಾತಕ್ಕಪ್ಪ?"

"ಬಿಚ್ಚಾಕೆ ಇನ್ನೂರು, ಹಾಕಾಕೆ ಇನ್ನೂರು."

"ಬಿಚ್ಚೋದಕ್ಕೆಲ್ಲ ದುಡ್ಡು ಕೊಡೋಕಾಗಲ್ಲ. ಹಾಕೋದಕ್ಕೆ ಮಾತ್ರ ಕೊಡ್ತೀನಿ."

ತಿಪ್ಪೇಸ್ವಾಮಿ ಒಂದು ಕ್ಷಣ ಗಂಭೀರವಾಗಿ ಯೋಚಿಸಿದ. "ಹಳೇದ್ರ ಮ್ಯಾಲೇ ಹಾಕ್ಲಾ ಸಾ? ಅಂಗಿ ಮ್ಯಾಲೆ ಸ್ವೆಟರ್ ಹಾಕ್ದಂಗೆ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಮಾನವಾಯಿತು. ಟೈರುಗಳನ್ನು ಮತ್ತೆ ಬೈಕಿಗೆ ಕಟ್ಟಿಕೊಂಡು ಹೊರಟುಬಂದೆ.

ಮರುದಿನ ಸ್ಟಾಫ್ ರೂಮಿನಲ್ಲಿ ದುಃಖ ತೋಡಿಕೊಂಡಾಗ, ಚಿತ್ರದುರ್ಗದಿಂದ ಓಡಾಡುವ ಡ್ರಾಯಿಂಗ್ ಮೇಷ್ಟ್ರು, "ನಮ್ಮೂರಾಗೆ ಎರಡಕ್ಕೂ ಸೇರಿ ನೂರೈವತ್ತು ಕಣ್ರಿ," ಎಂದು ಅಂಗಡಿಯ ದಾರಿಯನ್ನು ಚಿತ್ರ ಬರೆದೇ ಕೊಟ್ಟರು. ನಾನು ವೈಜ್ಞಾನಿಕವಾಗಿ ಯೋಚಿಸಿದೆ. ಸವೆದ ಟೈರಿನ ಬೈಕನ್ನು ಅಷ್ಟು ದೂರ ಓಡಿಸುವುದು ಅಪಾಯ. ಆದ್ದರಿಂದ ಬಸ್ಸಿನಲ್ಲಿ ಹೋಗುವುದೇ ಕ್ಷೇಮ. ಇಲ್ಲಿಗೆ ನನ್ನ ಯೋಚನೆ ಮುಗಿಯಿತು. ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಶನಿವಾರ ಬೆಳಗಿನ ತರಗತಿ ಮುಗಿಸಿ ಮನೆಗೆ ಬಂದು, ಎರಡೂ ಹೆಗಲಿಗೆ ಒಂದೊಂದು ಟೈರು ಏರಿಸಿಕೊಂಡು ಹೊರಟೆ. ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಕೇಳಲಿಲ್ಲ. ಅವಳು ಕೇಳದಿದ್ದುದನ್ನು ಮೆಚ್ಚುಗೆ ಎಂದೇ ತಿಳಿದೆ. ಬಸ್ಸು ಖಾಲಿಯಿತ್ತು. ಟೈರುಗಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿದೆ. ಕಂಡಕ್ಟರಮ್ಮ ಬಂದು ಅವುಗಳತ್ತ ಬೆರಳು ತೋರಿಸಿದರು.

"ಇವಕ್ಕೆ?"

"ಇವು ಟೈರು ಮೇಡಂ."

"ಬಸ್ಸಿನ ಟೈರು ಕೆಳಗಡೆ ಅವೆ. ಸೀಟಿನ ಮ್ಯಾಲೆ ಕುಂತೋರಿಗೆಲ್ಲ ಟಿಕೇಟು."

ವಾದ ಮಾಡಿದೆ, ಸೋತೆ. ಲಗೇಜ್ ಟಿಕೇಟನ್ನು ನನ್ನ ಕೈಗೆ ಕೊಡದೆ, ಅವರೇ ಮೇಲಿನ ಟೈರಿನ ಸಂದಿಗೆ ಸಿಕ್ಕಿಸಿ ಹೋದರು. ಹೊಳಲ್ಕೆರೆಯಲ್ಲಿ ಬಸ್ಸು ತುಂಬಿತು. ಬಿ.ದುರ್ಗದ ಕಡೆಯ ಕುರಿಗಾಹಿ ಅಜ್ಜರೊಬ್ಬರು ಕಂಬಳಿ ಹೊದ್ದು, ಬಗಲಲ್ಲಿ ಒಂದು ಕುರಿಮರಿಯೊಂದಿಗೆ ಹತ್ತಿದರು. ಜಾಗ ಬಿಡಲೆಂದು ಟೈರುಗಳನ್ನು ಕೆಳಗಿಟ್ಟೆ. ಅಜ್ಜ ಮರಿಯನ್ನು ಟೈರಿನ ನಡುವಿನ ಗುಂಡಿಗೆ ಇಳಿಸಿ, "ಹೇಳಿ ಮಾಡ್ಸಿದಂಗೈತೆ," ಎಂದು ಮೆಚ್ಚಿದರು. ಆಮೇಲೆ ಪಿಸುದನಿಯಲ್ಲಿ, "ಈ ಬಸ್ಸಿಗೆ ಪಂಚರ್ ಆದ್ರೆ ಇರ್ಲಿ ಅಂತ ತಂದೀರೇನಪ್ಪ? ಒಳ್ಳೇ ಮುಂದಾಲೋಚನೆ ಬಿಡ್ರಿ," ಎಂದರು. ಆ ದಿನ ನನ್ನ ಮುಂದಾಲೋಚನೆಯನ್ನು ಹೊಗಳಿದವರು ಅವರೊಬ್ಬರೇ. ಕುರಿಮರಿ ಚಿತ್ರದುರ್ಗದ ತನಕ ನನ್ನ ಹೊಸ ಟೈರಿನ ಗೀರುಗಳನ್ನು ನೆಕ್ಕುತ್ತ ಬಂತು.

ಅಂಗಡಿ ಸುಲಭವಾಗಿ ಸಿಕ್ಕಿತು. ಸ್ಟೂಲಿನ ಮೇಲೆ ಕುಳಿತಿದ್ದ ವಯಸ್ಸಾದ ಮಾಲೀಕರು, "ನೂರೈವತ್ತು," ಎಂದರು. ನಾನು ನೂರಿಪ್ಪತ್ತು ಎಂದೆ. "ಆಗ್ಲಿ ಬರ್ರಿ," ಎಂದುಬಿಟ್ಟರು. ನನ್ನ ವಕೀಲ ವೃತ್ತಿಜೀವನದ ಅತಿದೊಡ್ಡ ಗೆಲುವು ಅದು. ಎದೆಯುಬ್ಬಿಸಿ ಟೈರುಗಳನ್ನು ಅವರ ಮುಂದಿಟ್ಟೆ.

"ಗಾಡಿ ತರ್ರಿ."

"ಗಾಡಿ ಹೊಸದುರ್ಗದಲ್ಲಿದೆ."

"ಹಂಗಾರೆ ಚಕ್ರ ಕೊಡ್ರಿ."

"ಚಕ್ರ... ಗಾಡಿಯಲ್ಲಿವೆ."

ಅವರು ನನ್ನನ್ನು ನೋಡಿದರು. ಟೈರುಗಳನ್ನು ನೋಡಿದರು. ನಾನು ಬಂದ ದಾರಿಯನ್ನೂ ನೋಡಿದರು, ಹಿಂದಿನಿಂದ ಯಾರಾದರೂ ಚಕ್ರ ಹೊತ್ತು ಬರುತ್ತಿರಬಹುದೇನೋ ಎಂಬಂತೆ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: "ಮತ್ತೆ ಯಾತಕ್ಕೆ ಹಾಕಾಣ ಸಾ?"

ಅವರು ನಗಲಿಲ್ಲ. "ಕುಂತ್ಕಳ್ರಿ, ಬಿಸಿಲೈತೆ," ಎಂದು ಸ್ಟೂಲು ಬಿಟ್ಟುಕೊಟ್ಟು, ಚಹಾ ತರಿಸಿದರು. "ಏನ್ ಕೆಲಸದಾಗಿದೀರಿ?" ಎಂದು ವಿಚಾರಿಸಿದರು. ವಿಜ್ಞಾನ ಮೇಷ್ಟ್ರು ಎನ್ನಲು ಬಾಯಿ ಬರಲಿಲ್ಲ. ಇತಿಹಾಸ ಎಂದೆ. ಇತಿಹಾಸದ ಮೇಷ್ಟ್ರುಗಳು ನನ್ನನ್ನು ಕ್ಷಮಿಸಬೇಕು.

ವಾಪಸು ಹೊರಡುವಾಗ ಅದೇ ಬಸ್ಸು, ಅದೇ ಕಂಡಕ್ಟರಮ್ಮ. ಟೈರುಗಳನ್ನು ಕಂಡು ಅವರ ಮುಖದಲ್ಲಿ ನಿಜವಾದ ಮರುಕ ಮೂಡಿತು. "ಯಾಕ್ಸಾ, ಅವ್ರಿಗೆ ಒಪ್ಪಿಗೆ ಆಗ್ಲಿಲ್ವಾ?" ಎಂದು ಕೇಳಿ, ಮತ್ತೊಂದು ಲಗೇಜ್ ಟಿಕೇಟು ಹರಿದರು.

ಸಂಜೆ ಮನೆ ಮುಟ್ಟಿದಾಗ ಅಂಗಳದಲ್ಲಿ ನನ್ನ ಬೈಕು ನಿಂತಿತ್ತು. ಅದರಲ್ಲೇನೋ ಬದಲಾವಣೆ ಕಂಡಿತು. ಬಗ್ಗಿ ನೋಡಿದೆ. ಎರಡೂ ಚಕ್ರಗಳಲ್ಲಿ ಕರ್ರಗಿನ ಹೊಸ ಟೈರು. ಹೆಗಲಲ್ಲೊಂದು ಜೊತೆ, ಗಾಡಿಯಲ್ಲೊಂದು ಜೊತೆ. ಗಿರಿಜಾ ಹೊರಗೆ ಬಂದಳು.

"ತಿಪ್ಪೇಸ್ವಾಮಿಗೆ ಫೋನ್ ಮಾಡ್ದೆ. ಅವ್ರೇ ಬಂದು ಗಾಡಿ ತಗಂಡೋಗಿ, ಅವ್ರ ಅಂಗಡಿ ಟೈರ್ ಹಾಕಿ ತಂದ್ಕೊಟ್ರು. ದುಡ್ಡು ನಾನೇ ಕೊಟ್ಟೆ." ನನ್ನ ಹೆಗಲು ನೋಡಿ ಅವಳ ಕಣ್ಣು ಅಗಲವಾಯಿತು. "ಅಯ್ಯೋ, ಇವು ಇನ್ನೂ ನಿಮ್ಮತ್ರಾನೇ ಅವೆ? ಗಾಡಿ ಇಲ್ಲೇ ಬಿಟ್ಟು ಟೈರು ಮಾತ್ರ ತಗಂಡು ಹೊಂಟ್ರಲ್ಲ, ಯಾರಿಗೋ ಮಾರಾಕೆ ಹೋಗ್ತಿದಾರೆ ಅಂದ್ಕಂಡೆ. ಇನ್ಯಾತಕ್ಕೆ ಹೋಗ್ತಾರೆ?"

ಅವಳದ್ದೇ ವೈಜ್ಞಾನಿಕ ಯೋಚನೆ. ಎಲ್ಲಿಗೆ, ಏಕೆ ಹೋಗಿದ್ದೆನೆಂದು ಹೇಳಿದೆ. ಅವಳು ಹೊಸ್ತಿಲ ಮೇಲೆ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ಕೊನೆಗೆ ನಾನೂ ನಕ್ಕೆ.

ಭಾನುವಾರ ಬೆಳಗ್ಗೆ ಗಿರಿಜಾ ನನ್ನ ಹೆಗಲು ಹಿಡಿದು ಬೈಕು ಹತ್ತಿದಳು. ತಿರುವು ಬಂದಾಗ ಹಿಡಿತ ತುಸು ಬಿಗಿಯಾಯಿತು. ಬೈಕು ಮಾತ್ರ ಗಂಭೀರವಾಗಿ ತಿರುಗಿತು. ಏಳೂವರೆಗೆ ಅವಳು ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಅದು ನನ್ನ ಹೆಸರಾಗಿರಲಿಲ್ಲ.

ಅಂದು ಮಧ್ಯಾಹ್ನ ಊಟವಾದ ಮೇಲೆ, ಕಂಬಕ್ಕೊರಗಿ ಕುಳಿತು, ಹೆಚ್ಚುವರಿ ಟೈರುಗಳನ್ನು ಹಿಂದಿರುಗಿಸಲು ಫೋನು ತೆಗೆದೆ. ಕಾರಣ ಆರಿಸಿ ಎಂದಿತು. ವಸ್ತು ಮುರಿದಿದೆ, ಬಣ್ಣ ಬೇರೆ ಬಂದಿದೆ, ತಡವಾಗಿ ಬಂದಿದೆ, ಅಳತೆ ಸರಿಯಿಲ್ಲ. ಕೊಂಡವನಲ್ಲೇ ದೋಷವಿದೆ ಎಂಬುದನ್ನು ಬಹಳ ಹೊತ್ತು ಹುಡುಕಿದೆ, ಎಲ್ಲೂ ಇರಲಿಲ್ಲ. ಕೊನೆಗೆ ‘ಅಳತೆ ಸರಿಯಿಲ್ಲ’ ಎಂಬುದನ್ನು ಒತ್ತಿದೆ. ಯಾವುದರ ಅಳತೆ ಎಂದು ಪುಣ್ಯಕ್ಕೆ ಅವರು ಕೇಳಲಿಲ್ಲ.