ಸೀಡಿಯ ಮೇಲೆ ಅಜ್ಜಿಯ ಮುಖ

ಮಸ್ಕಿಯಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಊಟಕ್ಕೆ ಕೂರುವ ಮುನ್ನ ಒಮ್ಮೆ ತಟ್ಟೆಯನ್ನು ಪರೀಕ್ಷಿಸುವುದು ಒಳ್ಳೆಯದು. ನಡುವೆ ತೂತಿದ್ದರೆ ಅದು ಸೀಡಿ! ಕಿಟಕಿಯಲ್ಲಿ ಸೀಡಿ, ಅಕ್ಕಿ ಡಬ್ಬಿಯ ಮೇಲೆ ಸೀಡಿ, ದಿಂಬಿನ ಕೆಳಗೂ ಸೀಡಿ. ಊರೆಲ್ಲ ಮೊಬೈಲ್ ಹಿಡಿದು ಕೂತಿರುವ ಈ ಕಾಲದಲ್ಲೂ ನಿವೃತ್ತ ಡ್ರಾಯಿಂಗ್ ಮಾಸ್ತರರಾದ ನಮ್ಮ ಮಾವ ನೆಂಟರ ಮದುವೆ, ಸೀಮಂತ, ಭಜನೆಗಳನ್ನೆಲ್ಲ ಸೀಡಿಗೆ ಇಳಿಸಿ, ಅದರ ಮೈಮೇಲೆ ಅಂಗಡಿಯ ಸರಕೂ ನಾಚುವಂತೆ ಹೆಸರು, ಚಿತ್ರ ಅಚ್ಚು ಹಾಕುತ್ತಾರೆ.

“ಮೊಬೈಲ್‌ನಾಗ ಎಲ್ಲಾ ಐತಲ್ಲ ಮಾವ” ಎಂದೆ ಒಮ್ಮೆ.

“ಮೊಬೈಲ್ ದೇವರ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡ್ತೀ ಏನು?” ಎಂದರು.

ಮೊದಲು ಅವರು ಸೀಡಿಗೆ ಕಾಗದದ ಚೀಟಿ ಅಂಟಿಸುತ್ತಿದ್ದರು. ಸಿಂಧನೂರಿನ ಬೀಗರ ಮನೆಯಲ್ಲಿ ಮದುವೆಯ ಸೀಡಿ ತಿರುಗಿ ತಿರುಗಿ ಬಿಸಿಯಾಗಿ ಚೀಟಿ ಕಿತ್ತುಬಂತು. ಪ್ಲೇಯರ್ ಗರಗರ ಎಂದು ಸೀಡಿಯನ್ನು ಕಚ್ಚಿ ಹಿಡಿಯಿತು. ಟಿವಿಯಲ್ಲಿ ಮದುಮಗ ತಾಳಿ ಎತ್ತಿದವನು ಎತ್ತಿದಂತೆಯೇ ನಿಂತ. ಬೀಗರು ಸ್ಕ್ರೂಡ್ರೈವರ್ ಹುಡುಕಿ ತರುವಷ್ಟರಲ್ಲಿ ಮಾವ ಮಸ್ಕಿ ಬಸ್ಸಿನಲ್ಲಿದ್ದರು! ಆಮೇಲೆ ತಂದದ್ದೇ ಸೀಡಿಯ ಮೇಲೆ ನೇರವಾಗಿ ಮುದ್ರಿಸುವ ಪ್ರಿಂಟರ್. ಬಿಳಿ ಮೈಯ ಸೀಡಿಯನ್ನು ಟ್ರೇಯಲ್ಲಿಟ್ಟು ಒಳಗೆ ಕಳಿಸಿದರೆ ಚಿತ್ರ ಹೊತ್ತು ಹೊರಬರುತ್ತದೆ. ಮೊದಲ ಸೀಡಿಯನ್ನು ಮಾವ ಹಸುಗೂಸಿನಂತೆ ಅಂಗೈಯಲ್ಲಿ ಹಿಡಿದು ಓಣಿಯ ಮನೆಮನೆಗೂ ತೋರಿಸಿ ಬಂದರು.

ಗೆದ್ದೆ ಎಂದುಕೊಂಡರು. ಅಷ್ಟು ಸುಲಭಕ್ಕೆ ಗೆಲ್ಲಲು ಬಿಡುವವರೇ ನಮ್ಮ ತಾಯಿ? ಲಿಂಗಸುಗೂರಿನಲ್ಲಿರುವ ಅವರು ಮಾವನ ಅಕ್ಕ. ತೀರಿಕೊಂಡ ಅಜ್ಜಿ, ಅಂದರೆ ಈ ಇಬ್ಬರ ತಾಯಿ, ಹಾಡಿದ್ದ ಬೀಸುವ ಪದಗಳನ್ನು ಮಾವ ಸೀಡಿಗೆ ಇಳಿಸಿ, ಅಂಚಿನಲ್ಲಿ ಅಜ್ಜಿಯ ಮುಖ ಅಚ್ಚು ಹಾಕಿ ಕೊಟ್ಟರು. ತಾಯಿ ಅದನ್ನು ಜಗಲಿಯ ಮೇಲಿಟ್ಟು, ದಿನಾ ಬೆರಳು ನೀರಲ್ಲಿ ಅದ್ದಿ ಚಿತ್ರದ ಹಣೆಗೆ ವಿಭೂತಿ ಎಳೆದರು. ಬದುಕಿದ್ದಾಗಲೂ ಅಜ್ಜಿಯ ಹಣೆಯಲ್ಲಿ ಇರುತ್ತಿದ್ದುದು ಬರೀ ವಿಭೂತಿಯೇ. ನಮ್ಮ ಮನೆಗಳಲ್ಲಿ ಬೈಕಿಗೂ ವಿಭೂತಿ, ಮಿಕ್ಸಿಗೂ ವಿಭೂತಿ. ಪ್ರಿಂಟರ್ ಮಾಡಿದವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ವಾರದೊಳಗೆ ಬಣ್ಣ ನೀರಿಗೆ ಕರಗಿ ಅಜ್ಜಿಯ ಹುಬ್ಬು ಗಲ್ಲಕ್ಕಿಳಿಯಿತು, ಗಲ್ಲ ಸೀಡಿಯಿಂದಲೇ ಇಳಿದುಹೋಯಿತು.

“ಅವ್ವನ ಮುಖ ತೊಳದು ಹಾಕೀದಿ” ಎಂದು ತಾಯಿ ಫೋನಿನಲ್ಲಿ ಅತ್ತರು.

“ತೊಳದಾಕಿ ನೀನಬೇ ಅಕ್ಕ” ಎಂದುಬಿಟ್ಟರು ಮಾವ. ಅಲ್ಲಿಗೆ ಅಕ್ಕ ತಮ್ಮನ ಮಾತು ನಿಂತಿತು.

ಮಾವನಿಗೆ ಅನ್ನ ಸೇರದಾಯಿತು. ಅಕ್ಕನ ಪೂಜೆಗೆ ಜಗ್ಗದ ಸೀಡಿ ಮಾಡದೆ ಲಿಂಗಸುಗೂರಿಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದರು. ಬ್ರಶ್ಶಿನಲ್ಲಿ ವಾರ್ನಿಷ್ ಬಳಿದರೆ ಬಣ್ಣವೆಲ್ಲ ಬ್ರಶ್ಶಿಗೇ ಬಂತು. ಕೊನೆಗೆ, ಬಣ್ಣ ಪೂರ್ತಿ ಒಣಗಿದ ಮೇಲೆ ವಾರ್ನಿಷನ್ನು ತೆಳ್ಳಗೆ ಸ್ಪ್ರೇ ಮಾಡಿ, ಒಣಗಿಸಿ, ಮತ್ತೆ ಸ್ಪ್ರೇ ಮಾಡುವ ಹದ ಕೈಗೆ ಹತ್ತಿತು. ಪರೀಕ್ಷೆಗೆ ಸೀಡಿಗಳು ಚಹಾದಲ್ಲಿ ಮುಳುಗಿದವು, ಎಣ್ಣೆಗಾಯಿಯ ಎಣ್ಣೆ ಕುಡಿದವು.

“ಈ ಮನ್ಯಾಗ ತಾಟಿಗಿಂತ ಸೀಡಿನ ಜಾಸ್ತಿ ತೊಳಿಯಾಕತ್ತೀನಿ” ಎಂದರು ಅತ್ತೆ.

ಉಳಿದದ್ದು ತೂತು. ಈ ಸಲ ಅಜ್ಜಿಯ ಮುಖ ಸೀಡಿಯ ತುಂಬ ಬರಬೇಕು. ಆದರೆ ನಡುವೆ ಇಟ್ಟರೆ ತೂತು ಮೂಗನ್ನು ನುಂಗುತ್ತದೆ, ಮೇಲೆ ಸರಿಸಿದರೆ ಬಾಯಿಯನ್ನು. “ಹಾಡಿದ ಬಾಯಿನ ಇಲ್ಲಂದ್ರ ಹ್ಯಾಂಗ?” ಎಂದು ಮಾವ ಚಿತ್ರವನ್ನು ಕೆಳಕ್ಕೆ ಇಳಿಸುತ್ತ ಹೋದರು.

ಒಂದು ಸೋಮವಾರ ಬೆಳಿಗ್ಗೆ ಲಿಂಗಸುಗೂರಿಗೆ ಬಂದೇಬಿಟ್ಟರು. ಅಕ್ಕನೆದುರು ನಿಂತು ಸೀಡಿಯ ಮೇಲೆ ತಂಬಿಗೆ ನೀರು ಸುರಿದರು. ಹುಬ್ಬು ಜಾರಲಿಲ್ಲ. ವಿಭೂತಿ ಕಲಸಿ ಉಜ್ಜಿ, ಅಂಗಿಯ ತುದಿಯಿಂದ ಒರೆಸಿದರು. ಅಜ್ಜಿ ನಗುತ್ತಲೇ ಇದ್ದರು! ಕುಸ್ತಿ ಗೆದ್ದ ಪೈಲ್ವಾನನಂತೆ ಮಾವ ಎದೆಯುಬ್ಬಿಸಿದರು.

ತಾಯಿ ಸೀಡಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಹಣಿ ನಡುವ ತೂತು ಬಿಟ್ಟೀದಿ. ವಿಭೂತಿ ಎಲ್ಲಿ ಹಚ್ಚಲಿ?”

ಮಾವ ಜೇಬಿನಿಂದ ಕೆಂಪು ಮಖಮಲ್ ಬಟ್ಟೆಯ ತುಂಡೊಂದನ್ನು ತೆಗೆದರು. ಜಗಲಿಯ ಗೋಡೆಗೆ ಅದನ್ನು ಇಳಿಬಿಟ್ಟು, ಸೀಡಿಯನ್ನು ಅದಕ್ಕೆ ಒರಗಿಸಿ ನಿಲ್ಲಿಸಿದರು. ತೂತಿನ ತುಂಬ ಕೆಂಪು ತುಂಬಿಕೊಂಡಿತು. ಅಜ್ಜಿಯ ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮ.

ಅಜ್ಜ ತೀರಿಕೊಂಡಾಗ ಮಾವ ತೊಟ್ಟಿಲ ಕೂಸು. ಅಜ್ಜಿಯ ಹಣೆಯಲ್ಲಿ ಕುಂಕುಮವನ್ನು ಅವರು ನೋಡಿದ ನೆನಪಿಲ್ಲ. ಮೊಮ್ಮಕ್ಕಳಾದ ನಾವಂತೂ ನೋಡೇ ಇಲ್ಲ. ನೋಡಿ ನೆನಪಿಟ್ಟವರು ಮನೆಯಲ್ಲಿ ನಮ್ಮ ತಾಯಿಯೊಬ್ಬರೇ. ಅವರು ವಿಭೂತಿಯ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು.

“ಅಕ್ಕ, ಅವ್ವ ಹಿಂಗ ಇದ್ಲೇನು?” ಮಾವ ಮೆಲ್ಲಗೆ ಕೇಳಿದರು.

ತಾಯಿ ತಮ್ಮನ ತೋಳು ಹಿಡಿದುಕೊಂಡರು.

“ಹೂಂ. ನಿನ್ನ ತೊಟ್ಟಿಲ ತೂಗುವಾಗ ಹಿಂಗ ಇದ್ಲು.”