ಡಾಕ್ಟರಮ್ಮನ ಊರು ಯಾವುದು?

ನನ್ನ ಮೊಮ್ಮಗಳು ಚೈತ್ರ ಇವತ್ತು ನನಗೆ ಬೈದಳು! ಬಾಯಿ ತುಂಬ, ನಿಟ್ಟುವಳ್ಳಿಯ ನಮ್ಮ ಓಣಿಗೆಲ್ಲ ಕೇಳುವಂತೆ ಬೈದಳು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬರೆಯದೆ ಇರಲಾಗುತ್ತಿಲ್ಲ.

ಬೈಸಿಕೊಂಡು ಯಾರಾದರೂ ಕುಣಿಯುತ್ತಾರೆಯೇ ಎಂದು ನೀವು ಕೇಳಬಹುದು. ನಮ್ಮ ಯಜಮಾನರ ಜೊತೆ ದಿನಾ ಜಗಳವಾಡಿಯೇ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಇವಳು. ಹೋದ ವರ್ಷ ಅವಳು ದವಾಖಾನೆ ಮುಟ್ಟುವುದರೊಳಗೆ ಅವರು ಕಣ್ಣು ಮುಚ್ಚಿಬಿಟ್ಟಿದ್ದರು. ಅವತ್ತಿನಿಂದ ತಟ್ಟೆ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಕೇಳಿದ್ದಕ್ಕೆಲ್ಲ 'ಹೂಂ'. ಕೊನೆಗೆ ನನ್ನ ಮಗ ಎಸ್.ಎಸ್. ಬಡಾವಣೆಯಲ್ಲಿ ಒಬ್ಬ ಮನಸ್ಸಿನ ಡಾಕ್ಟರಮ್ಮನನ್ನು ಹುಡುಕಿದ. ವಾರಕ್ಕೆರಡು ದಿನ, ಮುಕ್ಕಾಲು ಗಂಟೆ. ಬಾಗಿಲಾಚೆಯ ಬೆಂಚಿನ ಮೇಲೆ ಕಾವಲಿಗೆ ನಾನು.

ಆ ಡಾಕ್ಟರಮ್ಮ ಗುಳಿಗೆ ಕೊಡುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಾರಂತೆ. ಬಾಗಿಲಿಗೆ ಕಿವಿ ಇಟ್ಟಿದ್ದೂ ಉಂಟು. ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿ ಒಯ್ದರೆ ಕೈಮುಗಿದು, "ಬ್ಯಾಡ್ರಿ ಅಜ್ಜಿ, ನಾನು ತಗೊಳ್ಳಂಗಿಲ್ಲ" ಎಂದರು. "ನಿಮ್ಮೂರು ಯಾವ್ದುರಿ?" ಎಂದೆ. ನಕ್ಕು ಒಳಗೆ ಹೋದರು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರ ಊರು, ಮನೆತನ ಕೇಳದೆ ಯಾರಾದರೂ ಇಳಿಯುತ್ತಾರೆಯೇ? ನಮ್ಮನೆ ಹುಡುಗಿಯ ಗುಟ್ಟೆಲ್ಲ ಗೊತ್ತಿರುವವರ ಊರು ನನಗೆ ಗೊತ್ತಿಲ್ಲವೆಂದರೆ ಗಂಟಲಲ್ಲಿ ಅನ್ನ ಇಳಿಯುವುದು ಹೇಗೆ?

ಇವತ್ತು ಅಲ್ಲಿ ಕಸ ಹೊಡೆಯುವ ಗಂಗಮ್ಮನ ಕೈಗೆ ಬುತ್ತಿ ಇಟ್ಟೆ. ರೊಟ್ಟಿ ಮುಗಿಯುವುದರೊಳಗೆ ಎಲ್ಲ ಗೊತ್ತಾಯಿತು. ಆಟೋ ಇಳಿದವಳೇ ಮನೆ ಬಾಗಿಲಲ್ಲಿ ಚೈತ್ರಳಿಗೆ ಹೇಳಿದೆ: "ನಿಮ್ಮ ಡಾಕ್ಟರಮ್ಮ ಹರಿಹರದ ಸೊಸಿಯಂತೆ ನೋಡೇ. ಎರಡು ಗಂಡುಮಕ್ಳು. ಅತ್ತೆಗೆ ಮಂಡಿನೋವು ಐತಂತೆ."

ಅಷ್ಟೇ. ಹುಡುಗಿ ಸಿಡಿದಳು.

"ನಿನಗ್ಯಾರು ಕೇಳಿದ್ರು ಅಜ್ಜಿ? ಯಾಕ ಹೇಳ್ದೆ? ನಾನು ಬರೋವರ್ಗೂ ಯಾಕ ಕಾಯಲಿಲ್ಲ ಅಂತ ಅಲ್ಲಿ ಅಜ್ಜನ ಜೊತಿಗೆ ಜಗಳ ಆಡ್ತಿದ್ದೆ. ಎದುರು ಕುರ್ಚ್ಯಾಗ ಕೂತ ಡಾಕ್ಟರನ್ನೇ ಅಜ್ಜ ಅಂತ ತಿಳ್ಕೊಂಡಿದ್ದೆ! ಈಗ ಆ ಕುರ್ಚಿಗೆ ಮಂಡಿನೋವಿನ ಅತ್ತೀನ ತಂದು ಕೂಡ್ರಿಸಿದ್ಯಲ್ಲ. ಇನ್ನ ಅಜ್ಜನ್ನ ಹೆಂಗ ಕೂಡ್ರಿಸ್ಲಿ?"

ಎದುರುಮನೆಯವರು ಹೊರಗೆ ಬಂದರು. ನನ್ನ ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ವರ್ಷದ ಮೇಲೆ ಆ ದನಿ ಕೇಳಿ ನಾನು ಬಾಯಿಗೆ ಸೆರಗು ಹಿಡಿದು, "ಇನ್ನೊಂದಿಷ್ಟು ಬೈಯವ್ವ. ನಿಮ್ಮಜ್ಜ ನನಗೂ ಹೇಳಿ ಹೋಗ್ಲಿಲ್ಲ. ನಂದೂ ಸೇರಿಸಿ ಬೈ" ಎಂದೆ.

ಅವಳು ಅಳುತ್ತಲೇ ನಕ್ಕಳು. "ತಡಿ, ನೀನು ಮಾಡಿದ್ದನ್ನೂ ಡಾಕ್ಟರಿಗೆ ಹೇಳ್ತೀನಿ."

ಸಂಜೆ ಊಟಕ್ಕೆ ಚೈತ್ರ ತಟ್ಟೆ ಎತ್ತಿಕೊಂಡಳು. ಮಗ, ಸೊಸೆ, ನಾನು ಅವಳನ್ನೇ ನೋಡುತ್ತ ಕೂತೆವು. ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟವಳು ತಿರುಗಿ ಬಂದು ಅಜ್ಜನ ಜಾಗದಲ್ಲೇ ಕೂತಳು. "ಬದ್ನಿಕಾಯಿ ಹಾಕಜ್ಜಿ, ನೋಡ್ತಾ ಕೂತ್ಯಲ್ಲ!"

ಹಾಕಿದೆ. ನಾಲ್ಕೂ ಜನ ಒಟ್ಟಿಗೆ ಉಂಡೆವು. ಡಾಕ್ಟರಮ್ಮನ ನಾದಿನಿಯನ್ನು ಕೊಟ್ಟಿರುವುದು ಸಾರಥಿ ಎಂಬ ಹಳ್ಳಿಗೆ, ಅಂದರೆ ನನ್ನ ತವರಿಗೇ ಎಂದು ಗಂಗಮ್ಮ ಇನ್ನೊಂದು ಸುದ್ದಿ ಕೊಟ್ಟಿದ್ದಳು. ಅದು ನಾಲಿಗೆ ತುದಿಗೆ ಬಂದು ನಿಂತಿತ್ತು. ರೊಟ್ಟಿಯ ಜೊತೆ ನುಂಗಿದೆ. ರೊಟ್ಟಿ ಇಳಿಯಿತು, ಅದು ಮಾತ್ರ ಇನ್ನೂ ಅಲ್ಲೇ ಇದೆ.