ಬೇಡದ ವೀಸಾಕ್ಕೆ ಮೂರು ಕಿಲೋ ಫೈಲು

ಕಾಗದಪತ್ರದ ವಿಷಯದಲ್ಲಿ ನನ್ನನ್ನು ಮೀರಿಸುವವರು ಕಲಬುರಗಿಯಲ್ಲಿ ಇಲ್ಲ ಎಂದೇ ನಾನು ನಂಬಿದ್ದೆ. ಇಪ್ಪತ್ತೊಂಬತ್ತು ವರ್ಷದಿಂದ ಸರ್ಕಾರಿ ಗುಮಾಸ್ತನಾಗಿದ್ದೇನೆ. ಜನ ತಂದ ಅರ್ಜಿಯಲ್ಲಿ ಏನಿಲ್ಲ ಎಂದು ಹುಡುಕುವುದೇ ನನ್ನ ಉದ್ಯೋಗ. ಎಲ್ಲವೂ ಸರಿಯಿದ್ದರೆ, ಮಾರ್ಜಿನ್ ಬಿಟ್ಟಿಲ್ಲ ಎಂದಾದರೂ ವಾಪಸು ಕಳಿಸಿದವನು ನಾನು!

ಇಂಥ ನನ್ನ ಮುಂದೆ ಕಮಲಾಪುರದಿಂದ ಬಂದ ನನ್ನ ಅತ್ತೆ ನಾಗಮ್ಮ ಒಂದು ಆಸೆ ಇಟ್ಟರು. ಎಪ್ಪತ್ತೊಂದು ವರ್ಷದ ಹೆಣ್ಣುಮಗಳು. ಎರಡೆಕರೆಯಲ್ಲಿ ಕೆಂಪು ಬಾಳೆ ಬೆಳೆದು ತಾವೇ ಸಂತೆಯಲ್ಲಿ ಕೂತು ಮಾರುವವರು.

"ಅಳಿಯಂದ್ರ, ಲುಂಬಿನಿ ನೋಡಬೇಕ್ರಿ. ಬುದ್ಧ ಹುಟ್ಟಿದ ಮಣ್ಣು ಒಮ್ಮಿ ಹಣಿಗಿ ಹಚ್ಕೋಬೇಕು. ಈ ವರ್ಷ ಮೊಣಕಾಲು ಇನ್ನಾ ಮಾತು ಕೇಳ್ತಾವ. ಮುಂದಿನ ವರ್ಷದ್ದು ಗೊತ್ತಿಲ್ಲ."

ಲುಂಬಿನಿ ಇರುವುದು ನೇಪಾಳದಲ್ಲಿ. ನೇಪಾಳ ಎಂದರೆ ವಿದೇಶ. ವಿದೇಶ ಎಂದರೆ ವೀಸಾ. ವೀಸಾ ಎಂದರೆ ಅರ್ಜಿ. ಅರ್ಜಿ ಎಂದರೆ ನಾನು!

"ಯಾರನ್ನರ ಕೇಳ್ರಿ ಮೊದಲ," ಎಂದಳು ಹೆಂಡತಿ ಸುಜಾತಾ. ಅವಳು ಶಾಲೆಯ ಶಿಕ್ಷಕಿ. ಪ್ರಶ್ನೆ ಓದದೆ ಉತ್ತರ ಬರೆಯುವವರನ್ನು ದಿನಾ ನೋಡುತ್ತಾಳೆ.

ಕೇಳಿದೆ. ಪಕ್ಕದ ಮನೆಯ ದೇಶಪಾಂಡೆಯವರು ಹಿಂದಿನ ವರ್ಷ ಯುರೋಪು ನೋಡಿ ಬಂದಿದ್ದರು. ನಾವು ಹೊರಟದ್ದು ಯಾವ ದೇಶಕ್ಕೆ ಎಂದು ಮಾತ್ರ ನಾನು ಅವರಿಗೆ ಹೇಳಲಿಲ್ಲ. ಫಾರಿನ್ ಪ್ರವಾಸ ಸ್ವಲ್ಪ ಗುಟ್ಟಾಗಿದ್ದರೆ ಗಲ್ಲಿಯಲ್ಲಿ ತೂಕ ಹೆಚ್ಚು. ಅವರು ಪಾಪ, ತಮ್ಮ ಪಟ್ಟಿಯನ್ನೇ ಕೊಟ್ಟರು: ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಪತ್ರ, ವಿಮೆ, ಹೋಟೆಲ್ ಬುಕಿಂಗು, ಬಿಳಿ ಹಿನ್ನೆಲೆಯ ಫೋಟೋ, ಮತ್ತು ತಿರುಗಿ ಊರಿಗೆ ಬರುತ್ತೇವೆ ಎಂಬುದಕ್ಕೆ ಪುರಾವೆ. ದೇಶ ಯಾವುದಾದರೇನು, ಫಾರಂ ಫಾರಂ ತಾನೆ?

ಮೊದಲು ಫೋಟೋ. ಎರಡೂ ಕಿವಿ ಕಾಣಬೇಕೆಂದು ಪಟ್ಟಿಯಲ್ಲಿತ್ತು. ಅತ್ತೆ ತಲೆಯ ಮೇಲಿನ ಸೆರಗು ಸರಿಸಲು ಒಪ್ಪಲಿಲ್ಲ.

"ನನ್ನ ಕಿವಿ ಕಟಗೊಂಡು ಅವರೇನ್ ಮಾಡ್ತಾರ್ರಿ? ನಂಗ ಚಂದ ಕೇಳಸ್ತದ ಅಂತ ಬರದು ಕೊಡ್ರಿ!"

ಸ್ಟುಡಿಯೋದವನು ನಕ್ಕು ನಕ್ಕು ಕ್ಯಾಮೆರಾ ಅಲುಗಾಡಿಸಿದ. ಐದನೇ ಫೋಟೋದಲ್ಲಿ ಒಂದೂವರೆ ಕಿವಿ ಸಿಕ್ಕಿತು.

ಆಮೇಲೆ ತಿರುಗಿ ಬರುವ ಪುರಾವೆ. ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಹೊಲದ ಪಹಣಿ ತಂದೆ. ಅದೂ ಸಾಲದೆಂದು ಬಾಳೆಗಿಡಗಳ ನಡುವೆ ಅತ್ತೆಯನ್ನು ನಿಲ್ಲಿಸಿ ಫೋಟೋ ಹೊಡೆದೆ.

"ನಾ ವಾಪಸ್ ಬರ್ತೀನಂತ ಈ ಗಿಡಕ್ಕ ಗೊತ್ತದ," ಎಂದರು ಅತ್ತೆ. "ಮಂದಿಗ್ಯಾಕ ರುಜುವಾತು ಕೊಡಬೇಕು?"

ಅದು ಎಷ್ಟು ದೊಡ್ಡ ಮಾತೆಂದು ಆಗ ಹೊಳೆಯಲಿಲ್ಲ. ನಾನು ಪಹಣಿಯ ಮೇಲೆ ಪುಟಸಂಖ್ಯೆ ಹಾಕುವುದರಲ್ಲಿ ಮಗ್ನನಾಗಿದ್ದೆ.

ಫೈಲು ತೂಗಿದರೆ ಮೂರು ಕಿಲೋ! ಅದನ್ನು ಎದೆಗವಚಿಕೊಂಡು, ಅತ್ತೆ, ಸುಜಾತಾ ಇಬ್ಬರನ್ನೂ ಕರೆದುಕೊಂಡು, ಹೈದರಾಬಾದಿನ ಒಂದು ವೀಸಾ ಕೇಂದ್ರಕ್ಕೆ ಹೋದೆ. ಬಾಗಿಲಲ್ಲೇ ಕಾವಲುಗಾರ ತಡೆದ.

"ಕಹಾಂ ಕಾ ವೀಸಾ ಚಚಾ?"

"ನೇಪಾಲ್," ಎಂದೆ ಗಂಭೀರವಾಗಿ.

ಅವನು ಫೈಲು ನೋಡಿದ. ನನ್ನನ್ನು ನೋಡಿದ. "ಹಿಂದೂಸ್ತಾನಿಯೋಂ ಕು ನೇಪಾಲ್ ಕಾ ವೀಸಾ ಲಗ್ತಾಚ್ ನಹೀಂ, ಚಚಾ!" ಭಾರತೀಯರಿಗೆ ನೇಪಾಳದ ವೀಸಾ ಬೇಕೇ ಇಲ್ಲವಂತೆ!

ಸುಜಾತಾ ಸೆರಗು ಬಾಯಿಗೊತ್ತಿಕೊಂಡು ಆಕಾಶ ನೋಡಿದಳು. ಅತ್ತೆ ಮಾತ್ರ ನಗಲಿಲ್ಲ. "ಹೋಗ್ಲಿ ಬಿಡ್ರಿ, ಹೈದರಾಬಾದರ ನೋಡ್ದಂಗಾತು," ಎಂದು ಆ ಕಾವಲುಗಾರನಿಗೂ ಎರಡು ಬಾಳೆಹಣ್ಣು ಕೊಟ್ಟರು.

ಪೆಟ್ಟು ತಿಂದವನು ಬುದ್ಧಿ ಕಲಿಯಬೇಕು. ನಾನು ಸಿಟ್ಟು ಕಲಿತೆ. ವೀಸಾ ಬೇಡವಾದರೆ ಯಾವ ಕಾಗದವೂ ಬೇಡ ಎಂದು ತೀರ್ಮಾನಿಸಿ ಫೈಲನ್ನು ಅಟ್ಟಕ್ಕೆ ಎಸೆದೆ. ಇನ್ನು ಯಾರನ್ನೂ ಕೇಳುವ ಮಾತೇ ಇಲ್ಲ! ದಿಲ್ಲಿಯಿಂದ ಕಾಠ್ಮಂಡುವಿಗೆ ಮೂರು ಟಿಕೆಟು ತೆಗೆಸಿದೆ. ವಿದೇಶಕ್ಕೆ ಹೋಗಲು ಅನುಮತಿ ಕೇಳಿದಾಗ ಕಚೇರಿಯವರು ಅನುಮತಿಯ ಜೊತೆಗೆ ಹಾರವನ್ನೂ ಹಾಕಿದರು. ನಾಲ್ಕು ಮಾತಾಡಿ ಎಂದರು. ನಾನು ನಲವತ್ತು ಮಾತಾಡಿದೆ.

ದಿಲ್ಲಿಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತ ಹುಡುಗಿ ಹಿಂದಿಯಲ್ಲಿ ಮೃದುವಾಗಿ ಕೇಳಿದಳು: ಪಾಸ್‌ಪೋರ್ಟ್ ಕೊಡಿ, ಇಲ್ಲವೇ ಮತದಾರರ ಗುರುತಿನ ಚೀಟಿ ಕೊಡಿ.

ಪಾಸ್‌ಪೋರ್ಟನ್ನು ನಮ್ಮ ಮನೆಯಲ್ಲಿ ಯಾರೂ ಮಾಡಿಸಿರಲಿಲ್ಲ. ನಾನು ಆಧಾರ್ ಕಾರ್ಡು ಕೊಟ್ಟೆ. ತಲೆಯಾಡಿಸಿದಳು. ಪ್ಯಾನ್ ಕಾರ್ಡು ಕೊಟ್ಟೆ. ಲೈಸೆನ್ಸು ಕೊಟ್ಟೆ. ಕೊನೆಗೆ ಕಚೇರಿಯ ಗುರುತಿನ ಚೀಟಿಯನ್ನು, ಅದರಲ್ಲಿನ ಸರ್ಕಾರದ ಲಾಂಛನ ಅವಳಿಗೆ ಕಾಣುವಂತೆ, ಮುಂದೆ ಚಾಚಿದೆ. ಅವಳು ಅದನ್ನು ಓದಿ, ಗೌರವದಿಂದ, ಎರಡೂ ಕೈಯಲ್ಲಿ ವಾಪಸು ಕೊಟ್ಟಳು. ಆ ಗೌರವ ನನಗೆ ಚೆನ್ನಾಗಿ ಗೊತ್ತು. ನಾನೂ ಜನರಿಗೆ ಹಾಗೇ ಕೊಡುವುದು!

ಅತ್ತೆ ಸೊಂಟದ ಸಂಚಿ ಬಿಚ್ಚಿದರು. ಅಡಿಕೆ ಸರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ವೋಟಿನ ಕಾರ್ಡು ತೆಗೆದು ಕೌಂಟರಿನ ಮೇಲಿಟ್ಟರು.

"ಒಂದ್ ಎಲೆಕ್ಷನ್ನೂ ತಪ್ಪಿಸಿಲ್ಲವ್ವ. ನಮ್ಮ ಬೂತಿನಾಗ ಮೊದಲ ವೋಟು ನಂದೇ."

ಸುಜಾತಾಳ ಪರ್ಸಿನಿಂದಲೂ ಒಂದು ಬಂತು. ತಾಯಿ ಕಲಿಸಿದ ಅಭ್ಯಾಸ.

ನನ್ನದು? ಹನ್ನೆರಡು ವರ್ಷದ ಹಿಂದೆಯೇ ಕಳೆದಿತ್ತು. ಪ್ರತಿ ಚುನಾವಣೆಗೂ ನನಗೆ ಡ್ಯೂಟಿ. ಕಾರ್ಡು ತೋರಿಸಿ ಎಂದು ಸಾವಿರಾರು ಜನರನ್ನು ಗದರಿಸಿ, ಅವರ ಬೆರಳಿಗೆ ಶಾಯಿ ಹಚ್ಚಿದವನು ನಾನು. ನನ್ನನ್ನು ಯಾರು ಕಾರ್ಡು ಕೇಳುತ್ತಾರೆ ಎಂಬ ಧಿಮಾಕು!

ದಿಲ್ಲಿಯ ಹುಡುಗಿ ಕೇಳಿದಳು.

"ನೀವಿಲ್ದ ನಾವ್ ಹ್ಯಾಂಗ್ ಹೋಗಾದ್ರಿ?" ಸುಜಾತಾಳ ಮುಖ ಸಣ್ಣದಾಯಿತು. ಅತ್ತೆ ತಮ್ಮ ಕೈಗೆ ಬಂದ ಬೋರ್ಡಿಂಗ್ ಪಾಸನ್ನೇ ನೋಡುತ್ತ ನಿಂತಿದ್ದರು. ನನ್ನ ಸೊಕ್ಕಿಗೆ ಈ ಜೀವದ ಲುಂಬಿನಿ ತಪ್ಪುತ್ತದಲ್ಲ ಎಂದು ನನಗೆ ನಿಜವಾಗಿಯೂ ಅಳು ಬಂತು.

"ನೀವ್ ಹೋಗ್ರಿ ಅತ್ತಿ," ಎಂದೆ. "ಆದ್ರ ಅಲ್ಲಿ ನಿಮ್ಮನ್ನ ಯಾರ್ ನೋಡ್ಕೋತಾರ?"

ಅತ್ತೆ ತಲೆಯೆತ್ತಿದರು. "ಐವತ್ತು ವರ್ಷ ಸಂತ್ಯಾಗ ಕುಂತೀನ್ರಿ ಅಳಿಯಂದ್ರ. ಕನ್ನಡದಾಗ, ಉರ್ದುದಾಗ, ಮರಾಠಿದಾಗ ಜಗಳ ಆಡೀನಿ. ನೇಪಾಳದವರೂ ಮನುಷ್ಯಾರೇ ಅಲ್ಲೇನು?" ಆಮೇಲೆ ನನ್ನ ಬೆನ್ನು ಸವರಿದರು. "ದಿಲ್ಲಿ ತನಾ ತಂದು ಬಿಟ್ರಲ್ಲ. ನಂಗ ಅಷ್ಟೇ ಭಾಳಾತು."

ಮಗಳ ಕೈ ಹಿಡಿದು, ಮೊಣಕಾಲನ್ನು ಒಂದಿಷ್ಟು ಬೈಯುತ್ತ, ತಿರುಗಿ ನೋಡದೆ ನಡೆದರು. ಅಷ್ಟು ಚೆಂದದ ನಡಿಗೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ನಾನು ಕಲಬುರಗಿಗೆ ಬಂದು, ಹಾರ ಹಾಕಿಸಿಕೊಂಡ ತಪ್ಪಿಗೆ, ರಜೆ ಮುಗಿಯುವ ತನಕ ಕಿಟಕಿ ಮುಚ್ಚಿಕೊಂಡು ಒಳಗೇ ಇದ್ದೆ. ಒಮ್ಮೆ ಮಾತ್ರ, ಮೂರನೇ ದಿನ, ಹಾಲಿಗೆ ಹೊರಟಾಗ ದೇಶಪಾಂಡೆಯವರ ಕೈಗೆ ಸಿಕ್ಕಿಬಿದ್ದೆ.

"ಏನ್ರಿ, ವಿದೇಶ ಇಷ್ಟ್ ಲಗೂ ಮುಗೀತು?"

"ಹೂಂ," ಎಂದೆ. "ಸಣ್ಣ ದೇಶ."

ವಾರದ ನಂತರ ಅತ್ತೆ ಬಂದರು. ಹಣೆಗೆ ಲುಂಬಿನಿಯ ಮಣ್ಣು ಹಚ್ಚಿಕೊಂಡು, ಕಾಠ್ಮಂಡುವಿನ ಸಂತೆಯಲ್ಲಿ ಬಾಳೆಹಣ್ಣಿನ ದರ ವಿಚಾರಿಸಿ, ಇಬ್ಬರು ಗೆಳತಿಯರನ್ನೂ ಸಂಪಾದಿಸಿ ಬಂದಿದ್ದರು. ತಂದ ಮಣ್ಣಿನಲ್ಲಿ ಒಂದು ಚಿಟಿಕೆಯನ್ನು ನನ್ನ ಹಣೆಗೂ ಹಚ್ಚಿದರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ.

ಈಗ ಅತ್ತೆ ಕಲಬುರಗಿಗೆ ಬಂದಾಗಲೆಲ್ಲ ಹೆಂಗಸರು ಲುಂಬಿನಿಗೆ ಹೋಗುವುದು ಹೇಗೆಂದು ಕೇಳಿಕೊಂಡು ನಮ್ಮ ಮನೆಗೇ ಬರುತ್ತಾರೆ. ಅತ್ತೆ ನಡುಮನೆಯಲ್ಲಿ ಕೂತು ಯಾವ ಕಾರ್ಡು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ಚಹಾ ತರುವುದು ನನ್ನ ಕೆಲಸ. ಮೊನ್ನೆ ಒಬ್ಬಾಕೆ ಚಹಾದ ಕಪ್ಪು-ಬಸಿ ತೆಗೆದುಕೊಳ್ಳುತ್ತ, "ಸಾಹೇಬ್ರು ಸರ್ಕಾರಿ ಮನುಷ್ಯಾರು, ಇವರನ್ನೂ ಒಂದ್ ಮಾತು ಕೇಳಾದೇನವ್ವ?" ಎಂದಳು.

ಅತ್ತೆ ನನ್ನನ್ನು ಪ್ರೀತಿಯಿಂದ ನೋಡಿದರು.

"ನಮ್ಮ ಅಳಿಯಂದ್ರು ಭಾಳ ಛಲೋ ಮನುಷ್ಯಾರವ್ವ," ಎಂದರು. "ಅವರಿಗಿ ಏನೂ ಕೇಳಬ್ಯಾಡ."